ಗೊರಕೆಯ ಖಾತೆ ಬದಲಾವಣೆ ಕುರಿತು

ಮಕ್ಕಳ ನಿದ್ರೆ ಮತ್ತು ಉಸಿರಾಟದ ಸಂಶೋಧನಾ ಯೋಜನೆಯ ಮುಖ್ಯಸ್ಥರಿಗೆ, ಪತ್ರಿಕೆಯ ಮೂಲಕ,

ಮಾನ್ಯರೇ,

ಈ ಪದವನ್ನು ಬರೆದು ಗಟ್ಟಿಯಾಗಿ ಓದಿಕೊಂಡ ಕೂಡಲೇ ಪಕ್ಕದಲ್ಲಿ ಕುಳಿತು ಮಗ್ಗಿ ಬರೆಯುತ್ತಿದ್ದ ನನ್ನ ಮೊಮ್ಮಗಳು "ಏನು ತಾತ?" ಎಂದಳು. ಅವಳ ಹೆಸರು ಮಾನ್ಯಾ. ಹಾಗಾಗಿ ಈ ಪತ್ರದಲ್ಲಿ ತಮ್ಮನ್ನು ಕರೆದಾಗಲೆಲ್ಲ ಅವಳನ್ನೂ ಕರೆದಂತಾಗುತ್ತದೆ, ಬೇಸರಪಟ್ಟುಕೊಳ್ಳಬೇಡಿ. ನನ್ನ ದೂರು ಇಷ್ಟೇ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಶಾಲಾಮಕ್ಕಳ ಬಗ್ಗೆ ತಾವು ನಡೆಸುತ್ತಿರುವ ಸಂಶೋಧನೆಯಲ್ಲಿ ಈ ಮಗುವಿನ ಗೊರಕೆಯನ್ನು ನನ್ನ ಹೆಸರಿಗೆ ಖಾತೆ ಮಾಡಲಾಗಿದೆ. ಅದನ್ನು ರದ್ದುಪಡಿಸಿ ನಿಜವಾದ ಹಕ್ಕುದಾರಳ ಹೆಸರಿಗೆ ಮಾಡಿಕೊಡಬೇಕು, ಮತ್ತು ಬೇಗ ಮಾಡಿಕೊಡಬೇಕು.

ನಾನು ಕಡೂರಿನ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ನನ್ನ ಕಸುಬು. ಯಾರದೋ ಜಮೀನು ಯಾರದೋ ಹೆಸರಿನಲ್ಲಿ ಕುಳಿತಿರುವುದನ್ನು ದಿನಬೆಳಗಾದರೆ ನೋಡುತ್ತೇನೆ. ಗೊರಕೆಗೂ ಈ ಗತಿ ಬರಬಹುದೆಂದು ಮಾತ್ರ ಊಹಿಸಿರಲಿಲ್ಲ. ನನಗೆ ಗೊರಕೆಯೇ ಇಲ್ಲವೆಂದು ವಾದಿಸುತ್ತಿಲ್ಲ. ಇದೆ, ಪಿತ್ರಾರ್ಜಿತವಾಗಿ ಬಂದದ್ದು, ನನ್ನ ಅನುಭವದಲ್ಲೇ ಇದೆ. ಆದರೆ ನನಗಿರುವುದು ಒಂದು ಸಾಮಾನ್ಯ ತುಂಡು. ಪಕ್ಕದ ಸರ್ವೆ ನಂಬರನ್ನೂ ತಂದು ನನಗೇ ಸೇರಿಸಿದರೆ ಹೇಗೆ ಸ್ವಾಮಿ?

ತಮ್ಮ ತಂಡ ನಮ್ಮ ಬೀರೂರಿನ ಶಾಲೆಗೆ ಬಂದ ದಿನ ಮಗನಿಗೆ ರೈಲ್ವೆ ಜಂಕ್ಷನ್ನಿನಲ್ಲಿ ಹಗಲು ಪಾಳಿ. ಸೊಸೆ ಸ್ಫೂರ್ತಿ ಎಂದಿನಂತೆ ಅಜ್ಜಂಪುರದ ಬ್ಯಾಂಕಿಗೆ ಕೆಲಸಕ್ಕೆ ಹೋಗಿದ್ದಳು. ಪೋಷಕರ ಜಾಗದಲ್ಲಿ ನಾನು ಮತ್ತು ನನ್ನ ಹೆಂಡತಿ ಪುಟ್ಟಲಕ್ಷ್ಮಿ ಹೋಗಿದ್ದೆವು. ತಾಯಂದಿರು, ಅಜ್ಜಿಯರು ಶಾಲೆಯ ಅಂಗಳದಲ್ಲಿ ಸಾಲಾಗಿ ಕುಳಿತಿದ್ದರು. ತಮ್ಮ ಕಾರ್ಯಕರ್ತರು, ಪಾಪ, ಬಹಳ ವಿನಯದ ಯುವಕ, ಎದ್ದು ನಿಂತು ಮೊದಲ ಪ್ರಶ್ನೆ ಓದಿದರು: "ತಮ್ಮ ಮಗುವು ನಿದ್ರಾವಸ್ಥೆಯಲ್ಲಿ ಸಶಬ್ದ ಶ್ವಾಸೋಚ್ಛ್ವಾಸವನ್ನು ಪ್ರದರ್ಶಿಸುತ್ತದೆಯೇ?" ಪ್ರದರ್ಶನ ಸ್ಕೂಲ್ ಡೇ ದಿನವೋ ಅಥವಾ ಇವತ್ತೇನೋ ಎಂದು ಹಿಂದಿನಿಂದ ಒಬ್ಬಾಕೆ ಕೇಳಿದರು. ಎರಡು ಸಲ ಓದಿದರೂ ಪ್ರಯೋಜನವಾಗದೆ, ಆ ಯುವಕ ಬೆಳಗಿನ ಪ್ರಾರ್ಥನೆಗೆ ಇಟ್ಟಿದ್ದ ಮೈಕನ್ನೇ ಎತ್ತಿಕೊಂಡು, "ಗೊರಕೆ ಕಣ್ರೀ, ಗೊರಕೆ! ಹೊಡಿಯುತ್ತಾ, ಇಲ್ವಾ?" ಎಂದುಬಿಟ್ಟರು. ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ರೈಲ್ವೆ ಸ್ಟೇಷನ್ನಿನಲ್ಲಿದ್ದ ನನ್ನ ಮಗನಿಗೂ ಕೇಳಿಸಿತಂತೆ.

ಮೊದಲು ಕರೆದದ್ದು ನಮ್ಮ ಬೀದಿಯ ಈಶ್ವರಮ್ಮನವರ ಮೊಮ್ಮಗ ಓಂಕಾರೇಶನ ಹೆಸರು. ಈಶ್ವರಮ್ಮನವರು ಸೆರಗು ಸರಿಮಾಡಿಕೊಂಡು ಎದ್ದು, "ಹೊಡೀದೆ ಏನು! ಥೇಟ್ ಅವ್ನ ತಾತನಂಗೇ. ಹೆಂಚು ಹಾರೋಗ್ಬೇಕು, ಹಂಗೆ!" ಎಂದರು. ಮೊಮ್ಮಗನಿಗೆ ಬಹುಮಾನ ಬಂದಿದ್ದರೂ ಅವರ ಮುಖ ಅಷ್ಟು ಅರಳುತ್ತಿರಲಿಲ್ಲ. ಆಮೇಲೆ ಮಾನ್ಯಾ ಹೆಸರು ಬಂತು. ಪುಟ್ಟಲಕ್ಷ್ಮಿ ಎದ್ದಳು. "ಛೇ ಛೇ, ನಮ್ಮ ಮಗು ಉಸ್ರು ಬಿಡೋದೇ ಗೊತ್ತಾಗಲ್ಲ ಕಣಪ್ಪ. ನಮ್ಮನೇಲಿ ಗೊರ್ಕೆ ಅಂದ್ರೆ ಇವ್ರೊಬ್ಬರದ್ದೇ" ಎಂದು ಎಲ್ಲರ ಎದುರು ನನ್ನತ್ತ ಕೈ ತೋರಿಸಿದಳು. ಅಂಗಳವೆಲ್ಲ ನಕ್ಕಿತು. ಯುವಕ "ಇಲ್ಲ" ಎಂದು ಗುರುತು ಹಾಕಿಕೊಂಡು ಮುಂದಿನ ಹೆಸರು ಕರೆದರು.

ಮನೆಗೆ ಬರುತ್ತಾ ಕೇಳಿದೆ, "ಅಲ್ಲ ಕಣೇ, ಅಷ್ಟು ಜನರ ಮುಂದೆ ಸುಳ್ಳು ಹೇಳ್ಬಿಟ್ಟೆಯಲ್ಲ?"

"ಮೈಕಲ್ಲಿ ಕೇಳಿದ್ರೆ ಇನ್ನೇನ್ ಹೇಳ್ಲಿ? ಹೆಣ್ಣು ಮಗು ಕಣ್ರೀ. ಪಕ್ಕದಲ್ಲಿ ಯಾರ್ಯಾರು ಕೂತಿದ್ರು ನೋಡಿದ್ರಾ? ನಾಳೆ ಗಂಡಿನ ಕಡೆಯೋರು ವಿಚಾರಿಸೋಕೆ ಬಂದ್ರೆ ಮೊದಲು ಕೇಳೋದೇ ಅವ್ರನ್ನ."

ಮಾನ್ಯರೇ, ಹುಡುಗಿ ಓದುತ್ತಿರುವುದು ಮೂರನೇ ತರಗತಿ. ಮುಂದಿನ ಹಲ್ಲುಗಳೇ ಇನ್ನೂ ಪೂರ್ತಿ ಬಂದಿಲ್ಲ, ಗಂಡಿನ ಕಡೆಯವರು ಆಗಲೇ ಬಂದು ಜಗಲಿಯ ಮೇಲೆ ಕುಳಿತಿದ್ದರು. ಆದರೂ ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಗೊರಕೆ ಎಂದರೆ ಗಾಢನಿದ್ದೆ, ಮಗು ಸುಖವಾಗಿ ಮಲಗಿದೆ ಎಂದೇ ನಮ್ಮ ಕಡೆ ಎಲ್ಲರೂ ತಿಳಿದಿರುವುದು. ಅದೊಂದು ಕಾಯಿಲೆಯ ಗುರುತು ಇರಬಹುದೆಂದು ತಮ್ಮವರು ಮೈಕಿನಲ್ಲಾಗಲಿ ಮೈಕಿಲ್ಲದೆ ಆಗಲಿ ಹೇಳಿರಲಿಲ್ಲ. ಮಗು ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ದೂರು ಹೇಳಿದಾಗ ನಾವು ಟಿವಿಯನ್ನು ಬೈದೆವು. ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂದಾಗ ಪುಟ್ಟಲಕ್ಷ್ಮಿ ತಲೆಗೆ ಇನ್ನಷ್ಟು ಎಣ್ಣೆ ಹತ್ತಿಸಿದಳು.

ಈ ಖಾತೆ ಅಂದೇ ಮೊದಲು ನನ್ನ ಹೆಸರಿಗೆ ಬಂದದ್ದೂ ಅಲ್ಲ. ತರೀಕೆರೆಯ ನೆಂಟರ ಮನೆಗೆ ಹೋಗುವಾಗ ಹಾಡಹಗಲೇ ಮಾನ್ಯಾ ರೈಲಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗುತ್ತಾಳೆ. ರೈಲು ಬೀರೂರಿನ ಗಡಿ ದಾಟುವುದರೊಳಗೆ ಗೊರಕೆ ಶುರು. ಎದುರು ಸೀಟಿನವರು ತಲೆಯೆತ್ತಿ ನೋಡುವುದು ನನ್ನನ್ನು. ಒಮ್ಮೆ ಕಡಲೆಕಾಯಿ ತಿನ್ನುತ್ತಿದ್ದಾಗಲೂ ಹಾಗೇ ನೋಡಿದರು. ಕಡಲೆಕಾಯಿ ಸುಲಿಯುತ್ತಾ ಗೊರಕೆ ಹೊಡೆಯುವ ಮನುಷ್ಯನನ್ನು ಅವರು ಎಲ್ಲಿ ಕಂಡಿದ್ದರೋ ಕಾಣೆ. "ಯಜಮಾನ್ರೇ, ಸ್ವಲ್ಪ ಮಗ್ಗುಲಾಗಿ ಕೂತ್ಕೊಳ್ಳಿ, ಕಮ್ಮಿಯಾಗುತ್ತೆ" ಎಂದು ಒಬ್ಬರು ಉಪದೇಶ ಬೇರೆ ಮಾಡಿದರು. ನಾನು ಮಗ್ಗುಲಾಗಿ ಕುಳಿತೆ.

ಇನ್ನು ತಾವು ಕಡೂರಿನ ಸಭಾಭವನದಲ್ಲಿ ಮೊದಲ ಹಂತದ ಫಲಿತಾಂಶ ಪ್ರಕಟಿಸಿದ ಮಧ್ಯಾಹ್ನಕ್ಕೆ ಬರುತ್ತೇನೆ. ಪೋಷಕರಿಗೆಲ್ಲ ಆಹ್ವಾನವಿತ್ತು. ನಾನು, ಪುಟ್ಟಲಕ್ಷ್ಮಿ, ನಡುವೆ ಮಾನ್ಯಾ, ಮುಂದಿನ ಸಾಲುಗಳಲ್ಲೇ ಕುಳಿತಿದ್ದೆವು. ತಾವು ಪರದೆಯ ಮೇಲೆ ಚಿತ್ರ ತೋರಿಸುತ್ತಾ, "ಈ ಭಾಗದ ಹೆಣ್ಣುಮಕ್ಕಳಲ್ಲಿ ಗೊರಕೆ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಇದೊಂದು ಕುತೂಹಲಕಾರಿ ಸಂಗತಿ" ಎಂದಿರಿ. ರಾಗಿ ಕಾರಣವಿರಬಹುದೇ, ತೆಂಗು ಕಾರಣವಿರಬಹುದೇ, ಬಯಲುಸೀಮೆಯ ಒಣಗಾಳಿ ಕಾರಣವಿರಬಹುದೇ ಎಂದು ಮುಂದೆ ಅಧ್ಯಯನ ಮಾಡುವುದಾಗಿಯೂ ಹೇಳಿದಿರಿ. ಅದೇ ಮನೆಯ, ಅದೇ ಮುದ್ದೆ ತಿನ್ನುವ, ಅದೇ ಗಾಳಿ ಕುಡಿಯುವ ಗಂಡುಮಕ್ಕಳು ಮಾತ್ರ ಹೆಂಚು ಹಾರಿಸುವುದು ಹೇಗೆಂದು ತಮಗೆ ಹೊಳೆಯಲೇ ಇಲ್ಲವೇ? ಆ ಕ್ಷಣ ತಾವು ಪರದೆಯ ಬದಲು ಸಭಿಕರನ್ನು ನೋಡಬೇಕಿತ್ತು. ಚೌಳಹಿರಿಯೂರಿನವರು, ಸಿಂಗಟಗೆರೆಯವರು, ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು.

ಅಷ್ಟರಲ್ಲಿ ಮಾನ್ಯಾ ಕುರ್ಚಿಯಲ್ಲೇ ನಿದ್ದೆಹೋಗಿ ಗೊರಕೆ ಶುರುಮಾಡಿದಳು. ತಾವು ಮಾತು ನಿಲ್ಲಿಸಿದಿರಿ. ನಮ್ಮ ಸಾಲಿನತ್ತ ನೋಡಿದಿರಿ. ನೆನಪಿಸಿಕೊಳ್ಳಿ, ಮಕ್ಕಳ ಗೊರಕೆಯ ಬಗ್ಗೆ ಇಷ್ಟು ದೊಡ್ಡ ಸಂಶೋಧನೆ ನಡೆಸುತ್ತಿರುವ ತಮ್ಮ ಕಣ್ಣೆದುರು, ತಮ್ಮದೇ ಭಾಷಣದ ನಡುವೆ, ಒಂದು ಮಗು ಸ್ಪಷ್ಟವಾಗಿ ಗೊರಕೆ ಹೊಡೆಯುತ್ತಿತ್ತು. ತಾವು ಮುಗುಳ್ನಕ್ಕು, "ನನ್ನ ಭಾಷಣ ಹಿರಿಯರಿಗೆ ಜೋಗುಳವಾದಂತಿದೆ" ಎಂದಿರಿ. ಸಭೆ ಹೋ ಎಂದು ನಕ್ಕಿತು. ನಾನು ಕನ್ನಡಕ ಹಾಕಿಕೊಂಡು ಎರಡೂ ಕಣ್ಣು ಬಿಟ್ಟುಕೊಂಡು ತಮ್ಮನ್ನೇ ನೋಡುತ್ತಿದ್ದೆ! ಪ್ರತಿಭಟಿಸಲು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಲಕ್ಷ್ಮಿ ನನ್ನ ತೋಳು ಚಿವುಟಿ, "ಕಣ್ಮುಚ್ಕೊಳ್ರೀ!" ಎಂದಳು.

ಮುಚ್ಚಿಕೊಂಡೆ. ಸಂಸಾರಸ್ಥನಿಗೆ ಇನ್ನೇನು ದಾರಿ? ಹಾಗೆ ಕಣ್ಣು ಮುಚ್ಚಿಕೊಂಡೇ ತಮ್ಮ ಮುಂದಿನ ಮಾತು ಕೇಳಿಸಿಕೊಂಡೆ. ಕೆಲವು ಮಕ್ಕಳಲ್ಲಿ ಗಂಟಲು, ಮೂಗಿನ ಹಿಂದಿನ ಗ್ರಂಥಿಗಳು ಊದಿಕೊಂಡು ಉಸಿರಿನ ದಾರಿ ಕಟ್ಟುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಆಮೇಲೆ ಏದುಸಿರಿನೊಂದಿಗೆ ಅರೆ ಎಚ್ಚರವಾಗಿ ಮತ್ತೆ ಮಲಗುತ್ತದೆ. ರಾತ್ರಿಯೆಲ್ಲ ಹೀಗೇ ಆಗುವುದರಿಂದ ಹಗಲು ತೂಕಡಿಕೆ, ಓದಿನಲ್ಲಿ ಹಿನ್ನಡೆ. ಇದನ್ನೆಲ್ಲ ತಾವು ಬಹಳ ಚೆನ್ನಾಗಿ ವಿವರಿಸುತ್ತಿರುವಾಗಲೇ ನನ್ನ ಪಕ್ಕದ ಗೊರಕೆ ನಿಂತುಹೋಯಿತು.

"ಸದ್ಯ, ತಾತ ಎದ್ರು" ಎಂದರು ಹಿಂದಿನ ಸಾಲಿನವರು. ನಾನು ಕಣ್ಣು ತೆರೆದು ಮಾನ್ಯಾಳನ್ನು ನೋಡಿದೆ. ಬಾಯಿ ತೆರೆದಿತ್ತು. ಎದೆ ಎಳೆಯುತ್ತಿತ್ತು. ಉಸಿರಿನ ಸದ್ದಿಲ್ಲ. ಇಷ್ಟು ಕಾಲ ನಾವು "ಪಾಪ, ಈಗ ನೆಮ್ಮದಿಯಾಗಿ ಮಲಗಿತು" ಅಂದುಕೊಳ್ಳುತ್ತಿದ್ದದ್ದು ಈ ನಿಶ್ಶಬ್ದವನ್ನೇ. ಕೊನೆಗೆ ಮಗು ಮುಳುಗಿ ಎದ್ದಂತೆ ಒಮ್ಮೆಲೇ ಉಸಿರೆಳೆದುಕೊಂಡಿತು. ನನ್ನ ತೋಳು ಚಿವುಟುತ್ತಿದ್ದ ಕೈ ಅದನ್ನು ಬಿಟ್ಟು ಮಗುವಿನ ಕೈ ಹಿಡಿದುಕೊಂಡಿತ್ತು. ಪುಟ್ಟಲಕ್ಷ್ಮಿಯೂ ನೋಡಿದ್ದಳು.

ಸಭೆ ಮುಗಿದ ಮೇಲೆ ಮಗುವಿನ ಕೈ ಹಿಡಿದು ವೇದಿಕೆಯ ಬಳಿ ಬಂದೆ. ತಾವು ಆಗಲೇ ಕಾರು ಹತ್ತಿದ್ದಿರಿ. ತಮ್ಮ ಸಹಾಯಕರು ಕಂಪ್ಯೂಟರಿನಲ್ಲಿ ನೋಡಿ, ಮಾನ್ಯಾ ಗೊರಕೆ ಹೊಡೆಯುವುದಿಲ್ಲ ಎಂದು ನನಗೆ ತಿಳಿಸಿದರು. ಹೌದು ಎಂದವರಿಗೆ ಮಾತ್ರ ನಿದ್ರಾ ಪರೀಕ್ಷೆಯಂತೆ. ಉತ್ತರ ಈಗ ಬದಲಿಸಿದರೆ ದತ್ತಾಂಶದ ಶುದ್ಧತೆ ಕೆಡುತ್ತದಂತೆ. ಅವರ ಮೇಜಿನ ಮೇಲೆ ತಲೆಯಿಟ್ಟು ಅದೇ ಹೊತ್ತಿಗೆ ಮಾನ್ಯಾ ಮತ್ತೆ ಗೊರಕೆ ಹೊಡೆಯುತ್ತಿದ್ದಳು. ಆ ಸದ್ದಿಗೆ ಅವರು ದನಿ ಸ್ವಲ್ಪ ಏರಿಸಿ ನಿಯಮವನ್ನು ಇನ್ನೊಮ್ಮೆ ವಿವರಿಸಿದರು.

ಮಗ, ಸೊಸೆ ರಜೆ ಹಾಕಿ ಮಗುವನ್ನು ಶಿವಮೊಗ್ಗದ ಕಿವಿ ಮೂಗು ಗಂಟಲು ವೈದ್ಯರಲ್ಲಿಗೆ ಕರೆದೊಯ್ದರು. ಅವರು ಟಾರ್ಚು ಹಾಕಿ ನೋಡಿ, ಟಾನ್ಸಿಲ್ ದಪ್ಪಗಿದೆ, ಉಸಿರು ಎಷ್ಟು ಕಟ್ಟುತ್ತಿದೆ ಎಂದು ನಿದ್ರಾ ಪರೀಕ್ಷೆಯಲ್ಲಿ ತಿಳಿದ ಮೇಲೆ ಆಪರೇಷನ್ ನಿರ್ಧರಿಸೋಣ ಎಂದರಂತೆ. "ಮಕ್ಕಳ ಆ ಪರೀಕ್ಷೆಯ ಯಂತ್ರ ನಿಮ್ಮ ಕಡೂರಿಗೇ ಬಂದಿದೆಯಲ್ಲ, ಇಷ್ಟು ದೂರ ಯಾಕೆ ಬಂದ್ರಿ?" ಎಂದೂ ಕೇಳಿದರಂತೆ. ಏನು ಉತ್ತರ ಕೊಡುವುದು? ನಮ್ಮ ಮಗು ಅಧಿಕೃತವಾಗಿ ನಿಶ್ಶಬ್ದ ಎನ್ನುವುದೇ?

ತಮ್ಮ ಸಂಶೋಧನೆಯನ್ನು ನಾನು ಹೀಗಳೆಯುತ್ತಿಲ್ಲ. ಓಂಕಾರೇಶನಿಗೆ ತಮ್ಮಲ್ಲೇ ಪರೀಕ್ಷೆಯಾಯಿತು, ಆಪರೇಷನ್ನೂ ಆಯಿತು. ಈಗ ಅವನು ಬಾಯಿ ಮುಚ್ಚಿಕೊಂಡು ಮಲಗುತ್ತಾನೆ, ತರಗತಿಯಲ್ಲಿ ಬಾಯಿ ಮುಚ್ಚುವುದಿಲ್ಲ. "ಮನೆ ಬಿಕೋ ಅನ್ಸುತ್ತೆ ಕಣ್ರೀ, ಇನ್ಮೇಲೆ ಅವ್ನ ತಾತ ಒಬ್ರೇ ಹೊಡೀಬೇಕು" ಎಂದು ಈಶ್ವರಮ್ಮನವರು ಹೇಳುತ್ತಾರೆ. ಆ ಹುಡುಗ ಚುರುಕಾಗಿರುವುದನ್ನು ಕಂಡರೆ ನನಗೆ ನಿಜಕ್ಕೂ ಸಂತೋಷ. ಅದೇ ಬೀದಿಯಲ್ಲಿ ನಮ್ಮ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಮೈಕಿನ ಮುಂದೆ ಬಂದ ಒಂದು ಉತ್ತರ.

ಈಗ ಸ್ವಲ್ಪ ಕಸುಬಿನ ಮಾತು. ನೋಂದಣಿಯಾಗಿ ಮೊಹರು ಬಿದ್ದ ಕ್ರಯಪತ್ರದಲ್ಲೂ ತಪ್ಪು ಕಂಡರೆ ನಮ್ಮಲ್ಲಿ ತಿದ್ದುಪಡಿ ಪತ್ರ ಬರೆದು ಸರಿಪಡಿಸುತ್ತೇವೆ. ಪಶ್ಚಿಮಕ್ಕಿರುವ ಕೆರೆಯನ್ನು ಪೂರ್ವಕ್ಕೆ ಎಂದು ಬರೆದಿದ್ದರೆ ಕೆರೆಯೇನೂ ಪೂರ್ವಕ್ಕೆ ಎದ್ದು ಹೋಗುವುದಿಲ್ಲ, ಕಾಗದವನ್ನೇ ತಿದ್ದಬೇಕು. ಸರ್ಕಾರಕ್ಕೇ ಇಲ್ಲದ ಹಟ ವಿಜ್ಞಾನಕ್ಕೆ ಏಕೆ? ಬೇಕಾದರೆ ನಾಲ್ಕು ದಿಕ್ಕಿನ ಗಡಿ, ಚಕ್ಕುಬಂದಿ ಸಮೇತ ಬರೆದುಕೊಡುತ್ತೇನೆ: ಸದರಿ ಗೊರಕೆಗೆ ಪೂರ್ವಕ್ಕೆ ಕಟ್ಟಿದ ಮೂಗು, ಪಶ್ಚಿಮಕ್ಕೆ ದಪ್ಪಗಾದ ಟಾನ್ಸಿಲ್, ಉತ್ತರಕ್ಕೆ ಅಜ್ಜಿಯ ಮರ್ಯಾದೆ, ದಕ್ಷಿಣಕ್ಕೆ ತಮ್ಮ ದತ್ತಾಂಶದ ಶುದ್ಧತೆ. ಇವುಗಳ ಮಧ್ಯೆ ಸಿಕ್ಕಿಕೊಂಡಿರುವುದು ಒಂದು ಮಗು.

ಆದ್ದರಿಂದ ನನ್ನ ಬೇಡಿಕೆ. ಮೂರೂ ತಾಲ್ಲೂಕುಗಳ ಹೆಣ್ಣುಮಕ್ಕಳ ಮನೆಯವರನ್ನು ಇನ್ನೊಮ್ಮೆ ಕೇಳಿಸಿ. ಅಂಗಳದಲ್ಲಿ ಬೇಡ, ಬಾಗಿಲು ಹಾಕಿಕೊಂಡು, ಒಬ್ಬ ಹೆಣ್ಣುಮಗಳ ಕೈಲಿ ಕೇಳಿಸಿ. "ಗೊರಕೆ ಹೊಡೆಯುತ್ತಾಳಾ?" ಎಂದರೆ ಕುಲಗೋತ್ರವೆಲ್ಲ ಎದ್ದು ನಿಲ್ಲುತ್ತದೆ. "ಮಲಗಿದಾಗ ಮಗುವಿಗೆ ಉಸಿರು ಕಟ್ಟುತ್ತದೆಯೇ ತಾಯಿ?" ಎಂದು ಕೇಳಿ. ಆ ಪ್ರಶ್ನೆಗೆ ಯಾವ ಅಜ್ಜಿಯೂ ಸುಳ್ಳು ಹೇಳುವುದಿಲ್ಲ. ಮೈಕನ್ನು ಪ್ರಾರ್ಥನೆಗೆ ಬಿಟ್ಟುಕೊಡಿ. ಮತ್ತು ಯಂತ್ರ ಕಡೂರಿನಿಂದ ಬೇರೆ ಜಿಲ್ಲೆಗೆ ಹೊರಡುವ ಮುನ್ನ ಮಾನ್ಯಾಳನ್ನು ಅದರ ಮುಂದೆ ಒಂದು ರಾತ್ರಿ ಮಲಗಿಸಿ. ಶುದ್ಧತೆಗೆ ಭಂಗ ಬರುವುದಾದರೆ ಅವಳನ್ನು ಸಂಶೋಧನೆಯಿಂದ ಹೊರಗಿಡಿ, ಚಿಕಿತ್ಸೆಯಿಂದ ಹೊರಗಿಡಬೇಡಿ.

ಪತ್ರಿಕೆಗೆ ಕಳಿಸುವ ಮುನ್ನ ಇದನ್ನೆಲ್ಲ ಪುಟ್ಟಲಕ್ಷ್ಮಿಗೆ ಓದಿ ಹೇಳಿದೆ. ಮಗುವಿನ ಹೆಸರು ಅಚ್ಚಾಗುತ್ತದೆ, ನಾಲ್ಕು ಜನ ಓದುತ್ತಾರೆ, ಇವಳು ಹರಿದೇ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಪತ್ರ ಅಂದ್ಮೇಲೆ ಸಾಕ್ಷಿ ಬೇಡ್ವೇನ್ರೀ? ಇಷ್ಟು ವರ್ಷ ಬರೆದಿದ್ದೀರ, ಅಷ್ಟೂ ಗೊತ್ತಾಗಲ್ವಾ?" ಎಂದು ಪೆನ್ನು ಕಿತ್ತುಕೊಂಡಳು.

ಇಂತಿ,
ತಮ್ಮ ಸಭೆಯಲ್ಲಿ ಆದ್ಯಂತ ಎಚ್ಚರವಾಗಿಯೇ ಇದ್ದ,
ದ್ವಾರಕಾನಾಥ
ಪತ್ರ ಬರಹಗಾರ, ಬೀರೂರು

ಸಾಕ್ಷಿ: ಪುಟ್ಟಲಕ್ಷ್ಮಿ. ಅವತ್ತು ಮೈಕಲ್ಲಿ ಕೇಳಿದ್ರಿ, ಇವತ್ತು ಪೇಪರಲ್ಲಿ ಹೇಳ್ತಾ ಇದೀನಿ. ನಮ್ಮ ಮಾನ್ಯಾ ಗೊರಕೆ ಹೊಡೀತಾಳೆ. ನಾನೂ ಹೊಡೀತೀನಿ. ಇವ್ರ ಖಾತೇಲಿರೋದ್ರಲ್ಲಿ ಮುಕ್ಕಾಲು ಪಾಲು ನಂದೇ. ನಮ್ಮದು ಹೆಂಗೋ ಆಗುತ್ತೆ, ಮೊದಲು ಮಗೂನ ನೋಡಿ.