ನಲವತ್ತೆಂಟು ತಿಂಗಳ ವಾರಂಟಿ

ಜನವರಿ 11, ಬೆಳಿಗ್ಗೆ

ಆರು ಮಾತ್ರೆ, ಎರಡು ಚಮಚ ಸಿರಪ್, ದಿಂಬಿನ ಕವರ್ ಬದಲಾಯಿಸಿದ್ದು. ಆಸ್ಪತ್ರೆಯಿಂದ ಬಂದು ಮೂರು ದಿನ. ಇವರಿಗೆ ಈಗ ಊಟಕ್ಕಿಂತ ಗಾಡಿಯ ಚಿಂತೆ. ಮಂಚವನ್ನು ಕಿಟಕಿಯ ಪಕ್ಕ ಹಾಕಿಸಿಕೊಂಡಿದ್ದಾರೆ. ಅಲ್ಲಿಂದ ಪಿಕಪ್ಪಿನ ಹಿಂಭಾಗ, ಅರ್ಧ ನಂಬರ್ ಪ್ಲೇಟು ಕಾಣುತ್ತದೆ. ಇಪ್ಪತ್ತೆರಡು ವರ್ಷ ಊರವರ ಬೀರು, ಮಂಚ, ಸೋಫಾ ಹೊತ್ತು ತಿರುಗಿದವರು, ಈಗ ಮಗ್ಗುಲು ಬದಲಿಸಲು ನನ್ನನ್ನು ಕರೆಯಬೇಕು.

ದಿಂಬಿನ ಕೆಳಗಿಂದ ಕೀ ತೆಗೆದುಕೊಟ್ಟರು. "ಒಂದ್ಸಲ ಸ್ಟಾರ್ಟ್ ಮಾಡೇ. ಶಬ್ದ ಕೇಳ್ಬೇಕು."

ಹೋಗಿ ತಿರುಗಿಸಿದೆ. ಟಿಕ್ ಎಂದಿತು. ಮತ್ತೆ ಟಿಕ್. ಆಮೇಲೆ ಅದೂ ಇಲ್ಲ.

"ವಾರಕ್ಕೆರಡು ಸಲ ಸ್ಟಾರ್ಟ್ ಮಾಡ್ತಿದ್ದೀನಿ ಅಂದಿದ್ದೆ?"

"ಮಾಡ್ತಿದ್ದೆ ರೀ. ಚಳಿಗೆ ಏನೋ ಆಗಿರ್ಬೇಕು."

ಸುಳ್ಳು. ಇವರು ಆಸ್ಪತ್ರೆಯಲ್ಲಿದ್ದ ನಲವತ್ತು ದಿನದಲ್ಲಿ ಆ ಗಾಡಿಯನ್ನು ಮುಟ್ಟಿಯೂ ಇಲ್ಲ. ಕೇಳಿದಾಗಲೆಲ್ಲ ಹೂಂ ಎಂದೆ. ದೊಡ್ಡ ಸುಳ್ಳನ್ನು ಹೊತ್ತವಳಿಗೆ ಇದೊಂದು ಭಾರವೆನಿಸಲಿಲ್ಲ. ದೊಡ್ಡದು — ಡಾಕ್ಟರು ಕಾರಿಡಾರಿನಲ್ಲಿ ನನಗೊಬ್ಬಳಿಗೇ ಹೇಳಿದ್ದು. ಎರಡು ತಿಂಗಳು, ಹೆಚ್ಚೆಂದರೆ ಮೂರು. ಇವರಿಗೆ "ನಿಧಾನಕ್ಕೆ ಸರಿಹೋಗುತ್ತಂತೆ" ಎಂದು ಹೇಳಿದ್ದೇನೆ.

ಜನವರಿ 12

ಬ್ಯಾಟರಿ ಸತ್ತೇ ಹೋಗಿದೆ. ಗಾಡಿಯ ಸಾಮಾನು ತುಂಬುವ ಬಾಕ್ಸಿನ ಕೆಳಗೆ, ಗೋಡೆಯ ಕಡೆಗೆ ಕೂತಿದೆ ಅದು. ಗಾಡಿ ಗೋಡೆಗೆ ಒತ್ತಿ ನಿಂತಿದೆ. ಆ ಕಡೆಯಿಂದ ಹೋಗಲಾಗದು. ಈ ಕಡೆಯಿಂದಲೇ ಬಗ್ಗಿ, ಕೈ ಚಾಚಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋದೆ.

ಬ್ಯಾಟರಿ ಅಂಗಡಿಯವರು ಇವರಿಗೆ ಹಳೆಯ ಪರಿಚಯ. ಕೌಂಟರಿನ ಮೇಲೆ ಎರಡನ್ನು ಇಟ್ಟರು.

"ಇದು ಹದಿನೆಂಟು ತಿಂಗಳ ವಾರಂಟಿ. ಇದು ನಲವತ್ತೆಂಟು. ಗಾಡಿ ಎಷ್ಟು ದಿನ ಇಟ್ಕೋತೀರಕ್ಕ? ಮಾರೋ ಯೋಚ್ನೆ ಇದ್ರೆ ಚಿಕ್ಕದೇ ಸಾಕು."

ಎಷ್ಟು ದಿನ... ವೋಲ್ಟು, ಆಂಪಿಯರು ಅಂತ ಏನೇನೋ ಹೇಳುತ್ತಿದ್ದರು. ನನಗೆ ಅಂಕಿ ಎರಡೇ ಕಾಣುತ್ತಿದ್ದದ್ದು. ಚಿಕ್ಕದೇ ಸಾಕು, ಅದೇ ಸರಿಯಾದ ಲೆಕ್ಕ. ಆದರೆ ಇವರು ಬಲ್ಬು ತಂದರೂ ಮೊದಲು ಗ್ಯಾರಂಟಿ ಓದುವವರು. ಎರಡಿದ್ದರೆ ದೊಡ್ಡದನ್ನೇ ತರುವವರು. ಮನೆಗೆ ಹೋಗಿ ಹದಿನೆಂಟರ ಕಾರ್ಡು ಕೈಗೆ ಕೊಟ್ಟರೆ, ಕಾರಿಡಾರಿನ ಮಾತನ್ನೇ ಕೊಟ್ಟಂತೆ.

"ನಲವತ್ತೆಂಟರದ್ದೇ ಕೊಡಿ."

"ಪ್ಲಸ್ ಯಾವ ಕಡೆ?"

ಫೋಟೊ ತೋರಿಸಿದೆ. "ಬಲಗಡೆ."

ಜನವರಿ 13

ಬಲಗಡೆಯಲ್ಲ.

ಅಂಗಡಿಯವರೇ ಬಂದಿದ್ದರು. ನಾಲ್ಕು ಜನ ಸೇರಿ ಗಾಡಿಯನ್ನು ಗೋಡೆಯಿಂದ ಈಚೆಗೆ ತಳ್ಳಿದರು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ, ಪ್ಲಸ್ಸಿನ ಕೇಬಲ್ಲು ನಾಲ್ಕು ಬೆರಳು ಸಾಲದು. ಎಳೆದರೂ ಮುಟ್ಟದು. ನಾನು ಬ್ಯಾಟರಿಯ ಹಿಂಬದಿಯಿಂದ ಫೋಟೊ ತೆಗೆದಿದ್ದೆ. ಎಡ ಬಲ ಅದಲು ಬದಲು.

ಕಿಟಕಿಯಿಂದ ಇವರ ಧ್ವನಿ: "ಟೀಚರಮ್ಮ, ಎಂ.ಎ. ಓದಿದೋರಿಗೆ ಎಡ ಬಲ ಪೋರ್ಷನ್‌ನಲ್ಲಿ ಇರ್ಲಿಲ್ವಾ?"

"ನೀವೇ ಎದ್ದು ಬಂದು ತೋರಿಸ್ಬೇಕಿತ್ತು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಅಂಗಡಿಯವರು ಪಾನಾ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದರು.

ಎಡಗಡೆಯದು ಸ್ಟಾಕಿನಲ್ಲಿಲ್ಲ. ನಾಲ್ಕು ದಿನ. ನಾಲ್ಕು ದಿನವೆಂದರೆ ಈ ಮನೆಯಲ್ಲಿ ಏನೆಂದು ಅವರಿಗೆ ಹೇಳಲಾಗಲಿಲ್ಲ.

ಜನವರಿ 14

"ಟರ್ಮಿನಲ್ ಇರೋ ಅಂಚು ನಿನ್ನ ಹೊಟ್ಟೆ ಕಡೆ ಬರೋ ಹಾಗೆ ನಿಂತ್ಕೋ. ಆಮೇಲೆ ಎಡ ಬಲ ನೋಡು." ಮಾತ್ರೆ ಡಬ್ಬಿಯನ್ನೇ ಬ್ಯಾಟರಿ ಮಾಡಿಕೊಂಡು ಪಾಠ. ಮೂರು ಸಲ ಕೇಳಿದರು, ಮೂರು ಸಲ ಸರಿ ಹೇಳಿದೆ. ನಾನು ಹೇಗೂ ಗಾಡಿ ಓಡಿಸುವವಳಲ್ಲ, ಇಷ್ಟು ಯಾಕೆ ಕಲಿಸುತ್ತಾರೆ...

ಜನವರಿ 21

ಬರೆಯಲು ಆಗಿರಲಿಲ್ಲ. ಹದಿನಾರರಂದು ಉಸಿರು ಕಟ್ಟಿತು. ಮತ್ತೆ ಆಸ್ಪತ್ರೆ ಬೇಡವೆಂದು ಸನ್ನೆ ಮಾಡಿದರು. ಮಂಚದ ಪಕ್ಕ ಈಗ ಆಕ್ಸಿಜನ್ ಸಿಲಿಂಡರು. ಎಡಗಡೆಯ ಬ್ಯಾಟರಿ ಬಂದು ನಾಲ್ಕು ದಿನವಾಯಿತು, ಜಗುಲಿಯಲ್ಲಿ ರಟ್ಟಿನ ಡಬ್ಬದಲ್ಲೇ ಇದೆ.

ಇವತ್ತು ಮಾತು ಬಂತು. ಮೊದಲು ಕೇಳಿದ್ದು ವಾರಂಟಿ ಕಾರ್ಡು. ಕಣ್ಣಿನ ಹತ್ತಿರ ಹಿಡಿದು ಓದಿದರು.

"ನಲವತ್ತೆಂಟಾ?"

"ಹೂಂ."

"ಹೆಸರಿನ ಜಾಗ ಖಾಲಿ ಇದೆ."

"ನಿಮ್ಮದು ಬರೀತೀನಿ."

"ನಿಂದು ಬರಿ."

ಪೆನ್ನು ಹುಡುಕುವ ನೆಪದಲ್ಲಿ ಒಳಗೆ ಹೋದೆ. ವಾಪಸ್ಸು ಬಂದಾಗ ಅವರೇ ಮುಂದುವರಿಸಿದರು, ಒಂದೊಂದು ಮಾತಿಗೆ ಒಂದೊಂದು ಉಸಿರು.

"ಸ್ಪೇರ್ ಕೀ ಕಳೆದು ಎರಡು ವರ್ಷ ಆಯ್ತು ಕಣೇ. ಇದ್ದದ್ದು ಒಂದೇ. ಆಸ್ಪತ್ರೆಲಿ ನನ್ನ ದಿಂಬಿನ ಕೆಳಗೇ ಇತ್ತು. ವಾರಕ್ಕೆರಡು ಸಲ ಯಾವ ಕೀ ಹಾಕಿ ಸ್ಟಾರ್ಟ್ ಮಾಡ್ತಿದ್ದೆ?"

ಕಾರ್ಡು ಈಸಿಕೊಂಡು ಪೆನ್ನಿನ ಮುಚ್ಚಳ ಬಿಚ್ಚಿದೆ.

"ನೀನು ಸುಳ್ಳು ಹೇಳುವಾಗ ರೀ ಅನ್ನೋದು ಒಂದು ಸುತ್ತು ಜಾಸ್ತಿ ಎಳೀತೀಯ. ಡಾಕ್ಟರ್ ಹತ್ರ ಮಾತಾಡಿ ಬಂದ ದಿನಾನೂ ಎಳೆದೆ."

ಬರೆದೆ. ನನ್ನ ಹೆಸರು ಇಷ್ಟು ಕೆಟ್ಟ ಅಕ್ಷರದಲ್ಲಿ ಯಾವತ್ತೂ ಬರೆದಿರಲಿಲ್ಲ. ಆಮೇಲೆ ಅವರ ಹೊದಿಕೆಯ ಮೇಲೆ ತಲೆಯಿಟ್ಟು ಅತ್ತೆ. ತಲೆ ಸವರಿದರು. ಎಷ್ಟು ಹಗುರ ಆ ಕೈ... ಒಬ್ಬರೇ ಬೀರು ಎತ್ತುತ್ತಿದ್ದ ಕೈ.

ಜನವರಿ 22, ಬೆಳಿಗ್ಗೆ ಏಳು

ಅಂಗಡಿಯವರು ಬಂದು ಬ್ಯಾಟರಿ ಕೂರಿಸಿದರು. ಕೇಬಲ್ಲು ಸರಿಯಾಗಿ ಬಂತು. ನಾನೇ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಿಟಕಿಯ ಗಾಜೆಲ್ಲ ನಡುಗಿತು. ಓಡಿ ಒಳಗೆ ಬಂದೆ, ಪರೀಕ್ಷೆಯ ಫಲಿತಾಂಶಕ್ಕೆ ಬಂದವಳ ಹಾಗೆ.

ಕಣ್ಣು ಮುಚ್ಚಿ ಕೇಳುತ್ತಿದ್ದರು. ತುಂಬ ಹೊತ್ತು.

"ಐಡ್ಲಿಂಗ್ ಜಾಸ್ತಿ ಇದೆ," ಎಂದರು.

ಜನವರಿ 25

ದಿನಾ ಏಳಕ್ಕೆ ಹತ್ತು ನಿಮಿಷ. ದಿನಾ ಒಂದು ತಪ್ಪು. ನಿನ್ನೆ ಫ್ಯಾನ್ ಬೆಲ್ಟು ಕಿರ್ರೆಂದಿತಂತೆ. ಇವತ್ತು ಸೈಲೆನ್ಸರಿನ ಬೋಲ್ಟು ಸಡಿಲವಂತೆ. ನನಗೆ ಎಲ್ಲ ಒಂದೇ ಗಡಗಡ.

ಮಧ್ಯಾಹ್ನ ಒಂದು ಕವಿತೆ ಓದಿದೆ. ಮದುವೆಯಾದಾಗಿನಿಂದಲೂ ಒಂದೇ ಪ್ರಶ್ನೆ ಅವರದು, ಇವತ್ತೂ ಕೇಳಿದರು: "ಕೊನೆಗೆ ಏನಾಯ್ತು?" ಏನೂ ಆಗಲ್ಲ, ಅಷ್ಟೇ, ಎಂದೆ. "ಹಾಗಾದ್ರೆ ಇನ್ನೊಂದ್ಸಲ ಓದು," ಎಂದರು. ಹಿಂದೆ ಯಾವತ್ತೂ ಹಾಗೆ ಅಂದವರಲ್ಲ.

ಜನವರಿ 30

ಮಾತಿಲ್ಲ. ನೀರು ಚಮಚದಲ್ಲಿ. ಏಳಕ್ಕೆ ಸ್ಟಾರ್ಟ್ ಮಾಡಿ ಬಂದಾಗ ಬೆರಳೆತ್ತಿ, ಕೆಳಕ್ಕೆ ಎರಡು ಸಲ ಆಡಿಸಿದರು. ಆಕ್ಸಿಲರೇಟರು ಒತ್ತಬೇಡ ಎಂದು. ಒತ್ತಿದ್ದೆ, ನಿಜ.

ಫೆಬ್ರವರಿ 2, ಏಳು ಗಂಟೆ ಹದಿನೈದು

ಸ್ಟಾರ್ಟ್ ಮಾಡಿ ಒಳಗೆ ಬಂದೆ. ಇವತ್ತಿನ ತಪ್ಪು ಯಾವುದೋ ಎಂದು ಬಾಗಿಲಲ್ಲೇ ನಿಂತೆ. ಬೆರಳು ಏಳಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದೆ. ಎದೆಯ ಮೇಲೆ ಕಿವಿ ಇಟ್ಟೆ. ಗಾಡಿಯ ಸದ್ದಿಗೆ ಮಂಚವೂ ನಡುಗುತ್ತದೆ, ಏನೂ ತಿಳಿಯುವುದಿಲ್ಲ... ಇನ್ನೊಂದು ಸಲ ಇಟ್ಟೆ.

ಯಾರಿಗೂ ಫೋನ್ ಮಾಡಿಲ್ಲ ಇನ್ನೂ. ಹೊರಗೆ ಎಂಜಿನ್ ಓಡುತ್ತಲೇ ಇದೆ. ಹತ್ತು ನಿಮಿಷ ಆಗಿಹೋಯಿತು. ಹೋಗಿ ನಿಲ್ಲಿಸಬೇಕು. ನಿಲ್ಲಿಸಿದರೆ —