ತತ್ತಿಯ ದಿನದ ಸಹಿ

ಹಳೇಮಡ್ಡಿ, ಕಾಗವಾಡ ತಾಲ್ಲೂಕು
26 ಸೆಪ್ಟೆಂಬರ್ 2025

ಗೆಳೆಯ ಹುಸೇನಮಿಯಾನಿಗೆ ಜಯಪಾಲನ ಸಲಾಮು.

ನಿಪ್ಪಾಣಿಯಿಂದ ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ತಡವಾದುದಕ್ಕೆ ಬೈಯಬೇಕೆನಿಸಿದರೆ ಮೊದಲು ಬೈದುಬಿಡು, ಆಮೇಲೆ ಓದು. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಂಬರು ಒತ್ತಿದೆ. ನಿನ್ನ ದನಿ ಕೇಳಿದೊಡನೆ ಇಟ್ಟುಬಿಟ್ಟೆ. ನಮ್ಮ ಮನೆಯಾಕೆ ಮಂಗಲಳ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ.

ನೀನು ಮಾತನಾಡಿದ ಹಾಗೆಯೇ ಬರೆಯುವವನು: “ಡಾಕ್ಟರು ಫರಹೀನಗ ದಿನಾ ತತ್ತಿ ಕೊಡ್ರಿ ಅಂದಿದ್ರು. ಸಾಲ್ಯಾಗ ಕೊಡತಾರಂತ ಬಿಸ್ಮಿಲ್ಲಾ ಮನ್ಯಾಗ ತರೋದು ಬಿಟ್ಟಳು. ಈಗ ನೋಡಿದ್ರ ಕೂಸಿನ ರಕ್ತ ಮತ್ತ ಇಳದೈತಿ. ಇದ್ಹೆಂಗೋ ಜಯಪಾಲ?” ನಿನ್ನ ಮಗಳೂ ಮೊಮ್ಮಗಳೂ ನನ್ನ ಓಣಿಯಲ್ಲೇ ಇರುವಾಗ ನೀನು ಇನ್ಯಾರನ್ನು ಕೇಳಬೇಕು?

ನಾನೂ ಬೆರಗಾದೆ. ಶಾಲೆಗೆ ತತ್ತಿ ಬರಲೆಂದು ಊರ ಸಭೆಯಲ್ಲಿ ನಿಂತು ಮಾತನಾಡಿದವನು ನಾನೇ ಅಲ್ಲವೇ? “ನಾ ಜೈನ, ತತ್ತಿ ಮುಟ್ಟಂಗಿಲ್ಲ. ಆದ್ರ ನನ್ನ ವ್ರತದ ಭಾರ ಕೂಸುಗಳ ಹೊಟ್ಟಿಮ್ಯಾಲ ಯಾಕ?” ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಮಕ್ಕಳಿಗೆ ಬಡಿಸುವ ಮೊದಲು ಹಿರಿಯರೊಬ್ಬರು ಬಿಸಿಯೂಟದ ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕಲ್ಲ, ಆ ಕೆಲಸವನ್ನೂ ನನಗೇ ವಹಿಸಿದರು. ಬರಿ ಅನ್ನ ಸಾರಿನ ದಿನ ತಪ್ಪದೆ ಹೋಗುತ್ತಿದ್ದೆ. ಬೇಳೆಯಲ್ಲಿ ಹುಳ ಕಂಡರೆ ಊರಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದೆ. ತತ್ತಿಯ ದಿನ ಮಾತ್ರ ಮನೆಯಲ್ಲೇ ಇರುತ್ತಿದ್ದೆ. ಆ ವಾಸನೆ ನನಗಾಗದು. ವಹಿ ಮನೆಗೇ ಬರುತ್ತಿತ್ತು. “ಅನ್ನ, ಸಾರು, ತತ್ತಿ. ರುಚಿ ಉತ್ತಮ” ಎಂದು ಬರೆದಿರುತ್ತಿತ್ತು. ಕೆಳಗೆ ನನ್ನ ಸಹಿ.

ನಿನ್ನ ಪತ್ರ ಬಂದ ಮರುದಿನ ತತ್ತಿಯ ದಿನ. ಮೂಗಿಗೆ ಟಾವೆಲ್ಲು ಹಿಡಿದು ಶಾಲೆಗೆ ಹೋದೆ. ಟಾವೆಲ್ಲು ಬೇಕಾಗಲಿಲ್ಲ. ಮಕ್ಕಳ ಕೈಯಲ್ಲೆಲ್ಲ ಬಾಳೆಹಣ್ಣು, ಅದೂ ಗಿಡ್ಡದ್ದು.

“ತತ್ತಿ ಎಲ್ಲಿ ತಾರವ್ವಾ?” ಎಂದೆ. ಅಡುಗೆಯ ತಾರವ್ವ ನಾನು ಚೇಷ್ಟೆ ಮಾಡುತ್ತಿರುವೆನೆಂದು ನಕ್ಕಳು.

“ಯಾವ ತತ್ತಿರಿ ಯಜಮಾನ್ರ? ಈ ವರ್ಷ ಒಂದರ ತತ್ತಿ ಕುದಿಸೇನೇನ್ರಿ ನಾ? ಸಹಿ ಮಾಡಾವ್ರು ನೀವ, ನನ್ನ ಕೇಳತೀರಿ!”

ಹುಸೇನಾ, ನಾನು ಅಲ್ಲೇ ಒಲೆಯ ಪಕ್ಕದ ಅಕ್ಕಿ ಚೀಲದ ಮೇಲೆ ಕುಳಿತುಬಿಟ್ಟೆ.

ಹೆಡ್‌ಮಾಸ್ತರ ವಿರುಪಾಕ್ಷಪ್ಪ ಓಡಿ ಬಂದ. “ಸಿಟ್ಟಾಗಬ್ಯಾಡ್ರಿ ಸರ್. ನಾಕ ಮಂದಿ ಹಿರ್ಯಾರು ಸಾಲ್ಯಾಗ ತತ್ತಿ ಬ್ಯಾಡಂದ್ರು. ನೀವು ಸಭಾದಾಗ ಬೇಕಂದ್ರಿ, ಖರೆ. ಆದ್ರ ತತ್ತಿ ದಿನ ನೀವು ಒಮ್ಮಿನೂ ಸಾಲಿ ಮೆಟ್ಟಲಾ ಹತ್ತಲಿಲ್ಲ. ನಿಮ್ಮ ಮನಸ್ಸಿನ್ಯಾಗೂ ಅದ ಐತಿ ಅಂತ ತಿಳಕೊಂಡ್ವಿ.”

“ಮತ್ತ ವಹಿಯೊಳಗ ತತ್ತಿ ಅಂತ ಯಾಕ ಬರದ್ರಿ?”

“ಮ್ಯಾಲಿನವ್ರಿಗೆ ತೋರಸಬೇಕಲ್ರಿ. ನಿಮ್ಮ ಸಹಿ ಇದ್ರ ಯಾರೂ ಕೇಳಂಗಿಲ್ಲ.”

ಈ ಮಾತು ಕೇಳುತ್ತಲೇ ನಮ್ಮ ಹಳದಿ ಉಪ್ಪಿಟ್ಟಿನ ಮಾಸ್ತರರು ಕಣ್ಣ ಮುಂದೆ ಬಂದರು. ನಾವಿಬ್ಬರೂ ಮೂರನೆಯ ಇಯತ್ತೆಯಲ್ಲಿದ್ದಾಗ, ಶಾಲೆಯಲ್ಲಿ ಕೊಡುತ್ತಿದ್ದ ಆ ಉಪ್ಪಿಟ್ಟಿನ ಮೊದಲ ತುತ್ತು ಅವರೇ ತಿನ್ನುತ್ತಿದ್ದರು. ಒಂದು ದಿನ ಬಾಯಿಗಿಟ್ಟದ್ದನ್ನು ಉಗುಳಿ, ಇಡೀ ಪಾತೇಲಿಯನ್ನು ತಿಪ್ಪೆಗೆ ಸುರಿಸಿ, ತಮ್ಮ ಮನೆಯ ರೊಟ್ಟಿ ತರಿಸಿ ನಮಗೆಲ್ಲ ಹರಿದು ಕೊಟ್ಟರು. ನೀನು ಎರಡು ಚೂರು ತಿಂದೆ, ಕಳ್ಳ! ಆಗ ವಹಿ ಇರಲಿಲ್ಲ, ಸಹಿ ಇರಲಿಲ್ಲ. ನಾಲಿಗೆ ಇತ್ತು.

ತಾಲ್ಲೂಕು ಕಚೇರಿಗೆ ನಾಲ್ಕು ಪುಟದ ಅರ್ಜಿ ಬರೆದೆ. ಮೊದಲ ಸಾಲೇ, “ಈ ವಹಿಯಲ್ಲಿ ತತ್ತಿಯ ದಿನದ ನನ್ನ ಸಹಿಗಳೆಲ್ಲ ಸುಳ್ಳು.” ಓದಿದ ಮಂಗಲ, “ನಿಮ್ಮ ಹೆಸರಿಗೆ ನೀವ ಮಸಿ ಹಚ್ಕೋತೀರೇನ್ರಿ?” ಎಂದಳು. ಹಚ್ಚಿಕೊಂಡೆ. ತಿನ್ನುವವರೇ ರುಚಿ ನೋಡಲಿ, ಮಕ್ಕಳ ತಾಯಂದಿರು ಸಹಿ ಮಾಡಲಿ. ಯಾವ ದಿನ ಏನು ಊಟ ಎಂಬುದನ್ನು ಗೋಡೆಯ ಮೇಲೆ ಬರೆಸಿ, ಅದು ತಮ್ಮ ತಟ್ಟೆಗೆ ಬಾರದಿದ್ದರೆ ಕೇಳುವುದನ್ನು ಮಕ್ಕಳಿಗೆ ಪಾಠವಾಗಿ ಕಲಿಸಲಿ ಎಂದು ಕೇಳಿದ್ದೇನೆ. ಬಾಕಿ ವಿಚಾರಣೆ ಅವರದು. ಸಮತೋಲ ಆಹಾರದ ಚಿತ್ರ ಬಾಯಿಪಾಠ ಮಾಡಿಸಿ, ತಟ್ಟೆಯ ಬಗ್ಗೆ ಬಾಯಿ ಮುಚ್ಚಿಸುವುದು ಎಂಥ ಶಿಕ್ಷಣ?

ದಸರಾ ರಜೆಯ ಹಿಂದಿನ ಸೋಮವಾರ ತತ್ತಿ ಬಂತು. ಮೊದಲು ತಿಂದು ಸಹಿ ಮಾಡಿದವಳು ನಿನ್ನ ಬಿಸ್ಮಿಲ್ಲಾ. ನಾನು ಟಾವೆಲ್ಲು ಹೆಗಲಿಗೇ ಹಾಕಿಕೊಂಡು ಕಡೆಯ ಮಗು ಕೈ ತೊಳೆಯುವವರೆಗೆ ನಿಂತೆ. ವಾಸನೆಗೆ ಯಾರೂ ಸಾಯುವುದಿಲ್ಲ.

ಫರಹೀನ ಬೇಗ ಗಟ್ಟಿಯಾಗಲಿ. ನಿನ್ನ ಕಣ್ಣಿನ ಪೊರೆ ತೆಗೆಸಿಕೋ, ಮುಂದೆ ಹಾಕಬೇಡ. ನಿನ್ನ ಮನೆಮಂದಿಯೆಲ್ಲ ಉಂಡುಟ್ಟು ಸುಖವಾಗಿರಲಿ.

ನಿನ್ನ
ಜಯಪಾಲ

ತಾ.ಕ.: ವಹಿ ಮನೆಗೆ ಬರುತ್ತಿತ್ತು ಎಂದೆ. ಯಾರು ತರುತ್ತಿದ್ದರೆಂದು ಮೇಲೆ ಬರೆಯಲಾಗಲಿಲ್ಲ. ಫರಹೀನಳೇ. ಶ್ರಾವಣದಲ್ಲಿ ಒಂದು ದಿನ ನಾನು ಕಟ್ಟೆಯ ಮೇಲೆ ಕುಳಿತು ಪುರಾಣ ಓದುತ್ತಿದ್ದೆ. ವಹಿ ಕೊಟ್ಟವಳು ಹೋಗಲಿಲ್ಲ. “ಅಜ್ಜಾ, ತತ್ತಿ...” ಎಂದಳು. “ಹುಶ್! ಆ ಮಾತು ಈ ಕಟ್ಟಿಮ್ಯಾಲ ಬ್ಯಾಡವ್ವಾ” ಎಂದೆ. “ತಪ್ಪಾತ್ರಿ ಅಜ್ಜಾ” ಎಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಸಹಿ ಮಾಡಿ ಕೊಟ್ಟೆ. ಅಂದಿನಿಂದ ವಹಿಯನ್ನು ಮೆಟ್ಟಿಲ ಮೇಲಿಟ್ಟು, ಮಾತಿಲ್ಲದೆ ದೂರ ನಿಲ್ಲುತ್ತಿದ್ದಳು. ನಿನ್ನ ಮೊಮ್ಮಗಳು ಬಲು ಮರ್ಯಾದಸ್ಥೆ ಎಂದು ಹಿಂದಿನ ಕಾರ್ಡಿನಲ್ಲಿ ಬರೆದಿದ್ದೆನಲ್ಲ, ಅದು ಇದನ್ನು ನೋಡಿಯೇ.