ಎರಡಾದ ರಾಜ್ಯಕ್ಕೆ ಒಂದೇ ಹೆಸರು

ತೇಜೂ,

ನೀನು ತೀರಿಕೊಂಡ ಎರಡು ವರ್ಷಕ್ಕೆ, ಇವತ್ತು ಮಧ್ಯಾಹ್ನ ನಿನ್ನ ಅಮ್ಮ ಊರಿನ ಆ ತುದಿಯ ಮಾಧವರಂನಿಂದ ಬಸ್ಸು ಹಿಡಿದು ನಮ್ಮ ಮಾಂಬಲಂ ಮನೆಗೆ ಬಂದಿದ್ದರು. ಕಾಲೇಜಿನ ದಿನಗಳಿಂದ ನಾವಿಬ್ಬರೂ ಕಟ್ಟಿದ, ಮಂತ್ರದ ಗಡಿಯಿಂದ ಎರಡಾದ ಮಾಯಾರಾಜ್ಯದ ಕಾದಂಬರಿ ಅಚ್ಚಿಗೆ ಹೊರಟಿದೆ. ಅದರ ಕರಡುಪ್ರತಿ ಮೇಜಿನ ಮೇಲೆ ತೆರೆದೇ ಇತ್ತು. ನಾನು ಕಾಫಿ ತರುವಷ್ಟರಲ್ಲಿ ಅಮ್ಮ ಅದನ್ನು ಓದುತ್ತಿದ್ದರು.

“ಮಂತ್ರದ ಗಡಿ ದಾಟಿದೋರ ನೆರಳು ಈ ಕಡೇನೇ ಉಳ್ಕೊಳತ್ತೆ. ಇದು ನಮ್ಮ ತೇಜು ಯೋಚ್ನೆ ಅಲ್ವಾ ಅನು? ಆಸ್ಪತ್ರೆಲಿ ನಂಗೆ ಹೇಳಿದ್ಲು.”

“ಹೌದು ಆಂಟಿ.”

ಮುಖಪುಟದಲ್ಲಿ ನನ್ನ ಹೆಸರೊಂದೇ ಇತ್ತು. ಅಮ್ಮ ಅದನ್ನು ಇನ್ನೂ ನೋಡಿರಲಿಲ್ಲ. ನೋಡಿದರೆ ಏನು ಹೇಳಲಿ?

ಕೊನೆಗೆ ಪ್ರತಿಯನ್ನು ಮುಚ್ಚಿ, ಮುಖಪುಟವನ್ನು ಬಹಳ ಹೊತ್ತು ನೋಡಿದರು. “ಚೆನ್ನಾಗ್ ಬಂದಿದೆ ಕಣಮ್ಮ” ಎಂದು ಎದ್ದರು. ಕಾಫಿ ಮುಟ್ಟಲಿಲ್ಲ.

ಅವರು ಮೆಟ್ಟಿಲಿಳಿಯುತ್ತಿದ್ದಂತೆ ಬೆಂಗಳೂರಿಗೆ, ಪ್ರಕಾಶಕರಿಗೆ ಫೋನ್ ಮಾಡಿದೆ. ಮುಖಪುಟ ಬೆಳಗ್ಗೆಯೇ ಪ್ರೆಸ್ಸಿಗೆ ಹೋಗಿದೆ ಎಂದರು. ನಿಲ್ಲಿಸಿ, ಮೊದಲು ತೇಜಶ್ರೀ ಎಂದು ಹಾಕಿ, ಆಮೇಲೆ ನನ್ನ ಹೆಸರು ಎಂದೆ.

“ಆಯ್ತು, ನಿಲ್ಲಿಸ್ತೀನಿ. ಆದ್ರೆ ಇಷ್ಟು ದಿನ ಮರ್ತುಬಿಟ್ಟಿದ್ರಾ ಮೇಡಂ?”

“ಇಲ್ಲ,” ಎಂದೆ. “ಮರ್ತಿರ್ಲಿಲ್ಲ.”

ಅನು